ಲೋಕಸಭೆಗೆ ಒಂದು ಲೆಕ್ಕ, ಗ್ರಾಮ ಪಂಚಾಯಿತಿಗೆ ಇನ್ನೊಂದಾ?

ಪ್ರಶ್ನೆ: ಲೋಕಸಭೆಗೆ ಪಕ್ಷದ ನಿಲುವು ನೋಡಿ ಪ್ರಗತಿಪರರು ಮತ ಹಾಕಬಹುದು. ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯೇ ಇರಲ್ಲ. ಅಲ್ಲಿ ಏನು ನೋಡಬೇಕು?

ಉತ್ತರ 1: ಮೊದಲು ನಿಮ್ಮ ವಾರ್ಡಿಗೆ ಎಷ್ಟು ಸ್ಥಾನ ಅಂತ ತಿಳ್ಕೊಳ್ಳಿ. ಮೂರಿದ್ರೆ ಮೂರು ಮತ, ಆದ್ರೆ ಒಬ್ಬರಿಗೆ ಒಂದೇ. ನಾಲ್ಕನೇ ಮುದ್ರೆ ಒತ್ತಿದ್ರೋ, ಇಡೀ ಮತಪತ್ರ ಅಸಿಂಧು. ಇನ್ನು ಅಭ್ಯರ್ಥಿ ಮಹಿಳೆಯಾಗಿದ್ದು, ಪ್ರಚಾರದಲ್ಲಿ ಗಂಡನೇ ಮಾತಾಡ್ತಿದ್ರೆ ಗ್ರಾಮಸಭೆ, ಕುಡಿಯೋ ನೀರಿನ ವಿಷಯ ಆಕೆಯನ್ನೇ ಕೇಳಿ. ಮಹಿಳೆಯರು ಸಾಮಾನ್ಯ ಸ್ಥಾನಕ್ಕೂ ನಿಲ್ಲಬಹುದು. ‘ಮೀಸಲಾತಿ ಕೊಟ್ಟಾಯ್ತಲ್ಲ’ ಅನ್ನೋರಿಗೆ ಇದನ್ನ ನೆನಪಿಸಿ.

ಉತ್ತರ 2: ಹಳೇ ಸದಸ್ಯರೇ ಮತ್ತೆ ನಿಂತಿದ್ರೆ ಅವರ ಅವಧಿಯ ನರೇಗಾ (ಉದ್ಯೋಗ ಖಾತ್ರಿ) ಸಾಮಾಜಿಕ ಪರಿಶೋಧನಾ ವರದಿ, ಅಂದ್ರೆ ಕೆಲಸ ನಿಜಕ್ಕೂ ಆಗಿದೆಯಾ ಅಂತ ನೋಡಿದ ವರದಿ, ತೆಗೀರಿ. ಹಾಜರಾತಿಯಲ್ಲಿ ಕೂಲಿಯವರ ಹೆಸರಿದ್ದು, ಜಾಗದಲ್ಲಿ ಬದುವೇ ಇಲ್ಲ ಅಂದ್ರೆ ಬೇರೆ ಸಾಕ್ಷಿ ಬೇಕಾ?

ಉತ್ತರ 3: ಲೋಕಸಭೆಗೂ ಪಕ್ಷದ ನಿಲುವೊಂದೇ ಸಾಲದು. ಅಭ್ಯರ್ಥಿ ನಾಮಪತ್ರದ ಜೊತೆ ಕೊಡೋ ನಮೂನೆ 26ರ ಅಫಿಡವಿಟ್‌ನಲ್ಲಿ ಬಾಕಿ ಪ್ರಕರಣ, ಆಸ್ತಿ, ಸಾಲ ಎಲ್ಲ ಇರುತ್ತೆ. ನೋಟಾ ಒತ್ತಿದ್ರೆ ಸಿಟ್ಟು ತೀರುತ್ತೆ ಅಷ್ಟೇ. ಅದಕ್ಕೇ ಹೆಚ್ಚು ಮತ ಬಿದ್ರೂ ನಂತರದ ಅಭ್ಯರ್ಥಿಯೇ ಗೆದ್ದಂತೆ.

ಉತ್ತರ 4: ಬೆಂಗಳೂರಿನವರ ಕಥೆ ಬೇರೆ. ಅಲ್ಲಿನ ಪಾಲಿಕೆಯಾಗಿದ್ದ ಬಿಬಿಎಂಪಿಗೆ ಕೊನೇ ಚುನಾವಣೆ 2015ರಲ್ಲಿ, ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ 2025ರಲ್ಲಿ ಅದನ್ನ ಐದು ಪಾಲಿಕೆಗಳಾಗಿ ಒಡೆಯೋವರೆಗೂ ಆಡಳಿತಾಧಿಕಾರಿಯದ್ದೇ ಕಾರುಬಾರು ಇತ್ತು. ಸ್ಥಳೀಯ ಚುನಾವಣೆ ಇಷ್ಟು ವರ್ಷ ತಡವಾದದ್ದು ಯಾಕೆ ಅಂತ ವಿಧಾನಸಭೆಗೆ ಮತ ಕೇಳೋಕೆ ಬಂದವರನ್ನೇ ತಡೆದು ಕೇಳಿ.