ಪದಚರ್ಚೆ: ಅಬಟ್‌ನ ಮನೆಯನ್ನು ಕನ್ನಡದಲ್ಲಿ ಏನೆಂದು ಕರೆಯುವುದು?

ಮಾನ್ಯರೆ,

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಹಳೆಯ ಕಟ್ಟಡಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದು, ಕೆಲವು ಪದಗಳ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಪಟ್ಟಾಭಿಷೇಕಗಳು ನಡೆಯುವ ಚರ್ಚು ಎಲ್ಲರಿಗೂ ಪರಿಚಿತವೇ. ನನ್ನ ವಿಷಯ ಅದಕ್ಕೆ ಹೊಂದಿಕೊಂಡಂತೆ ಇರುವ, ಬೆನೆಡಿಕ್ಟ್ ಪಂಥದ ಸಂನ್ಯಾಸಿಗಳು ವಾಸವಾಗಿದ್ದ ಮನೆಗಳು. 1540ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಆ ಮಠ ಮುಚ್ಚಿತು. 1560ರಲ್ಲಿ ಒಂದನೆಯ ಎಲಿಜಬೆತ್ ರಾಣಿ ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದ ಮೇಲೆ, ಸಂನ್ಯಾಸಿಗಳ ವಾಸದ ಕೆಲವು ಭಾಗಗಳು ವೆಸ್ಟ್‌ಮಿನ್‌ಸ್ಟರ್ ಶಾಲೆಯ ಬಳಕೆಗೆ ಬಂದವು, ಇಂದಿಗೂ ಅದರ ಬಳಕೆಯಲ್ಲಿವೆ.

‘ಮಠವು ಶಾಲೆಯಾಯಿತು’ ಎಂದು ಬರೆದರೆ ಕನ್ನಡದಲ್ಲಿ ಅದು ವಿಶೇಷವಾದ ಸಂಗತಿಯಂತೆ ಕೇಳಿಸುವುದಿಲ್ಲ. ಮಠವೆಂದರೆ ಛಾತ್ರರೇ (ವಿದ್ಯಾರ್ಥಿಗಳೇ) ಮೊದಲಾದವರ ನಿಲಯ ಎಂದು ಅಮರಕೋಶವೇ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಐಗಳು ಅಕ್ಷರ ತಿದ್ದಿಸುತ್ತಿದ್ದ ಶಾಲೆಗೆ ಕೂಲಿಮಠವೆಂದೇ ಹೆಸರಿತ್ತು. ಕ್ರೈಸ್ತ ಸಂನ್ಯಾಸಿನಿಯರ ನಿವಾಸವನ್ನು ಸೂಚಿಸುವ ‘ಕಾನ್ವೆಂಟ್’ ಕೂಡ ನಮ್ಮ ಬಾಯಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಯಾಗಿಬಿಟ್ಟಿದೆ. ಆದ್ದರಿಂದ ಇಡೀ ಸಂಸ್ಥೆಗೆ ‘ಮಠ’ ಎಂಬ ಪದವನ್ನು ಉಳಿಸಿಕೊಂಡರೂ, ಅದರೊಳಗಿನ ಕಟ್ಟಡಗಳಿಗೆ ಒಂದೊಂದಕ್ಕೂ ಬೇರೆ ಹೆಸರು ಬೇಕೆನ್ನುವುದು ನನ್ನ ನಿಲುವು.

ಮುಖ್ಯ ತೊಡಕು ಇರುವುದು ಮಠದ ಮುಖ್ಯಸ್ಥನಾದ ಅಬಟ್‌ನ ಮನೆಯ ವಿಷಯದಲ್ಲಿ. ಸಂನ್ಯಾಸಿಗಳು ಸಾಧ್ಯವಾದಮಟ್ಟಿಗೆ ಒಂದೇ ಕಡೆ ಮಲಗಬೇಕೆಂದು ಬೆನೆಡಿಕ್ಟನ ನಿಯಮಾವಳಿ ವಿಧಿಸುತ್ತದೆ. ಆದರೆ ಅಬಟ್ ಮಾತ್ರ ಅತಿಥಿಗಳು ಮತ್ತು ಯಾತ್ರಿಕರ ಪಂಕ್ತಿಯಲ್ಲಿ ಉಣ್ಣಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ. ದೊಡ್ಡ ಮಠಗಳಲ್ಲಿ ಅಬಟ್‌ಗೆ ಪ್ರತ್ಯೇಕ ಮನೆ, ಅದಕ್ಕೊಂದು ಹಜಾರ, ಅಡುಗೆಮನೆ, ಕೋಣೆಗಳು ಬೆಳೆದುಬಂದದ್ದಕ್ಕೆ ಇದೂ ಒಂದು ಕಾರಣ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಂಥ ಮನೆಯನ್ನು 14ನೆಯ ಶತಮಾನದ ಉತ್ತರಾರ್ಧದಲ್ಲಿ ಹೊಸದಾಗಿ ಕಟ್ಟಿಸಿದವನು ಆಗಿನ ಅಬಟ್ ನಿಕೊಲಸ್ ಲಿಟ್ಲಿಂಗ್‌ಟನ್. ನಾಲ್ಕನೆಯ ಹೆನ್ರಿ 1413ರಲ್ಲಿ ಕೊನೆಯುಸಿರೆಳೆದ ಜೆರುಸಲೇಮ್ ಕೋಣೆ ಈ ಮನೆಯದೇ ಭಾಗ. ಅದರ ಹಜಾರಕ್ಕೆ ಈಗ ‘ಕಾಲೇಜ್ ಹಾಲ್’ ಎಂದು ಹೆಸರು: ಮರದ ತೊಲೆಗಳ ಎತ್ತರದ ಛಾವಣಿ, ಒಂದು ತುದಿಯಲ್ಲಿ ಮೊಗಸಾಲೆಯಂಥ ಅಟ್ಟ, ನಡುವೆ ನೆಲದ ಮೇಲೆ ಉರಿಯುತ್ತಿದ್ದ ಬೆಂಕಿಯ ಹೊಗೆ ಹೋಗಲು ನೆತ್ತಿಯಲ್ಲಿ ಗವಾಕ್ಷಿ. ಆ ಬೆಂಕಿಯ ಪದ್ಧತಿ 19ನೆಯ ಶತಮಾನದವರೆಗೂ ನಡೆದಿತ್ತು. ಶಾಲೆಯ ಮಕ್ಕಳು ಊಟ ಮಾಡುವುದು ಇಲ್ಲಿಯೇ.

ಇದನ್ನು ‘ಸಂನ್ಯಾಸಿಗಳ ಭೋಜನಶಾಲೆ’ ಎಂದು ಬರೆದರೆ ತಪ್ಪಾಗುತ್ತದೆ. ಸಂನ್ಯಾಸಿಗಳು ಸಾಲಾಗಿ ಕುಳಿತು ಉಣ್ಣುತ್ತಿದ್ದ ಭೋಜನಶಾಲೆ ಬೇರೆಯೇ ಇತ್ತು. ಮಠ ಮುಚ್ಚಿದ ನಂತರ ಅದನ್ನು ಕೆಡವಿದರು, ಅದರ ಗೋಡೆಯ ಅವಶೇಷ ಮಾತ್ರ ಉಳಿದಿದೆ. ಅಬಟ್‌ನ ಮನೆಗೆ ‘ಬಿಡಾರ’ ಎಂದರೆ ತಾತ್ಕಾಲಿಕ ತಂಗುದಾಣದ ಅರ್ಥ ಬರುತ್ತದೆ, ‘ಅರಮನೆ’ ಅತಿಯಾಯಿತು. ಶೃಂಗೇರಿಯಲ್ಲಿ ಬಳಕೆಯಲ್ಲಿರುವ ‘ಗುರುನಿವಾಸ’ ನನಗೆ ಹಿಡಿಸಿದೆ, ಏಕೆಂದರೆ ಅದು ಮಠದೊಳಗೇ ಪೀಠಾಧಿಪತಿಗಳಿಗೆ ಇರುವ ಪ್ರತ್ಯೇಕ ವಾಸವನ್ನು ಒಂದೇ ಪದದಲ್ಲಿ ಹೇಳುತ್ತದೆ. ಆದರೆ ಭೂಮಿಕಾಣಿಯ ಒಡೆಯನೂ ರಾಜಸಭೆಯ ಸದಸ್ಯನೂ ಆಗಿದ್ದ ಅಬಟ್‌ಗೆ ‘ಗುರು’ ಎಂಬುದು ಒಪ್ಪುತ್ತದೆಯೆ ಎನ್ನುವ ಅನುಮಾನವೂ ಇದೆ. ‘ಮಠಾಧಿಪತಿಯ ನಿವಾಸ’ ಉದ್ದವಾದರೂ ಸುರಕ್ಷಿತವೆ?

ಚೌಕದ ಅಂಗಳದ ಸುತ್ತ ಛಾವಣಿಯಿರುವ ನಡೆದಾರಿಗೆ, ಅಂದರೆ ಕ್ಲಾಯ್‌ಸ್ಟರ್‌ಗೆ, ‘ಕೈಸಾಲೆ’ ಎಂಬುದು ಸಲ್ಲುತ್ತದೆ. ಸೋಮನಾಥಪುರದ ಕೈಸಾಲೆ ಕಂಡವರಿಗೆ ವಿವರಣೆ ಬೇಕಾಗಲಾರದು.

ಅಬೆಯ ಕೈಸಾಲೆಯ ಪೂರ್ವದ ಸಾಲು ಇನ್ನೊಂದು ಸಮಸ್ಯೆ. ಕೆಳಗೆ 11ನೆಯ ಶತಮಾನದ, ದಪ್ಪ ಗುಂಡು ಕಂಬಗಳ ಮೇಲೆ ಕಮಾನಿನ ಛಾವಣಿ ಹೊತ್ತ ಅಂತಸ್ತು. ಮೇಲೆ ಸಂನ್ಯಾಸಿಗಳ ಶಯನಶಾಲೆ. ಕೆಳ ಅಂತಸ್ತನ್ನು ‘ನೆಲಮಾಳಿಗೆ’ ಎಂದರೆ ನಮ್ಮ ಓದುಗರು ನೆಲದಡಿಯ ಕೋಣೆಯನ್ನು ಊಹಿಸುತ್ತಾರೆ, ಅದು ಇರುವುದು ಕೈಸಾಲೆಯ ಮಟ್ಟದಲ್ಲಿಯೇ. ಶಯನಶಾಲೆಯ ಒಂದು ಭಾಗ ಶಾಲೆಯ ದೊಡ್ಡ ಪಾಠದ ಹಜಾರವಾಯಿತು: ಸುಮಾರು 3 ಶತಮಾನಗಳ ಕಾಲ ಅಲ್ಲಿ ಹಲವು ತರಗತಿಗಳು ಒಂದೇ ಛಾವಣಿಯಡಿ ನಡೆದವು, ಮೇಲಿನ ತರಗತಿಗಳನ್ನೂ ಕೆಳಗಿನ ತರಗತಿಗಳನ್ನೂ ಬೇರ್ಪಡಿಸುತ್ತಿದ್ದುದು ಒಂದು ಪರದೆ ಮಾತ್ರ. 1941ರ ಮೇ ತಿಂಗಳ ಬಾಂಬುದಾಳಿಯಲ್ಲಿ ಛಾವಣಿ ಸುಟ್ಟುಹೋಗಿ, ಯುದ್ಧಾನಂತರ ಹಜಾರವನ್ನು ದುರಸ್ತಿ ಮಾಡಲಾಯಿತು. ಹಜಾರದ ತುದಿಯಲ್ಲಿ ಚಿಪ್ಪಿನಾಕಾರದ ಗೂಡು ಇತ್ತು. ಅಲ್ಲಿ ಕೂರುತ್ತಿದ್ದ ತರಗತಿಗೆ ‘ಶೆಲ್’ ಎಂದೇ ಹೆಸರಾಗಿ, ಅದು ಬೇರೆ ಆಂಗ್ಲ ಶಾಲೆಗಳಿಗೂ ಹಬ್ಬಿತು. ಈ ಹೆಸರನ್ನು ‘ಚಿಪ್ಪು ತರಗತಿ’ ಎಂದರೆ ಹಾಸ್ಯವಾಗುತ್ತದೆ, ಹಾಗಾಗಿ ‘ಶೆಲ್’ ಎಂದೇ ಉಳಿಸಿಕೊಳ್ಳುತ್ತೇನೆ.

ಕೆಳ ಅಂತಸ್ತಿಗೆ ಸದ್ಯ ‘ಕಮಾನು ಮಾಳಿಗೆ’ ಎಂದು ಬರೆದುಕೊಂಡಿದ್ದೇನೆ. ಆದರೆ ಕೆಲವು ಕಡೆ ‘ಮಾಳಿಗೆ’ಯೆಂದರೆ ಮೇಲಿನ ಅಂತಸ್ತು. ನಮ್ಮ ಹಳೆಯ ವಾಡೆಗಳಲ್ಲಿ, ಕೋಟೆಗಳಲ್ಲಿ ನೆಲಮಟ್ಟದ ಕಮಾನಿನ ಉಗ್ರಾಣಕ್ಕೆ ಕಟ್ಟಡ ಕೆಲಸದವರು ಬಳಸುವ ಬೇರೆ ಮಾತಿದ್ದರೆ, ಯಾವ ಸೀಮೆಯದೆಂಬುದರ ಸಮೇತ ತಿಳಿಸಬೇಕೆಂದು ಕೋರುತ್ತೇನೆ.