ಪದಚರ್ಚೆ: ಗ್ರಾಮಫೋನ್ ತಟ್ಟೆಯ ಗ್ರೂವ್‌ಗೆ (ಮುಳ್ಳು ಓಡುವ ತೋಡಿಗೆ), ತಟ್ಟೆಯ ಸದ್ದುಗಳಿಗೆ ನಿಮ್ಮ ಕಡೆ ಏನನ್ನುತ್ತಿದ್ದರು?

ಎಲ್ಲರಿಗೂ ನಮಸ್ಕಾರ.

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಮನೆಯಲ್ಲೇ ಕಂಪ್ಯೂಟರಿಗೆ ಇಳಿಸಿ, ಬೇಡದ ಸದ್ದು ತೆಗೆದು, ಮತ್ತೆ ಕೇಳುವ ಹಾಗೆ ಮಾಡುವುದು ನನ್ನ ಹವ್ಯಾಸ. ಅಜ್ಜನ ಕಾಲದ ತಟ್ಟೆಗಳು ಅಟ್ಟದ ಮೇಲೆ ಸಿಕ್ಕಿವೆ, ಏನು ಮಾಡೋದು ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಅವರಿಗೋಸ್ಕರ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅದಕ್ಕೆ ಪದಗಳು ಬೇಕು. ಕೂತು ಕಟ್ಟಿದ ಪದಗಳಿಗಿಂತ, ಗ್ರಾಮಫೋನ್ ಇದ್ದ ಮನೆಗಳಲ್ಲಿ, ಹೋಟೆಲುಗಳಲ್ಲಿ, ಮದುವೆಗೆ ಸೌಂಡ್ ಸರ್ವೀಸ್ ಕೊಡುತ್ತಿದ್ದವರ ಬಾಯಲ್ಲಿ ಇದ್ದ ಪದಗಳು ಬೇಕು. ಅವು ಪೂರ್ತಿ ಮರೆತುಹೋಗುವ ಮೊದಲು ಒಂದು ಕಡೆ ಸೇರಲಿ ಎಂಬ ಆಸೆಯೂ ಇದೆ.

ಮೊದಲು ತಟ್ಟೆಯ ಹೆಸರನ್ನೇ ತೆಗೆದುಕೊಳ್ಳೋಣ. ಬರವಣಿಗೆಯಲ್ಲಿ 'ಧ್ವನಿಮುದ್ರಿಕೆ' ಎಂದು ಓದುತ್ತೇವೆ. ಆದರೆ ಈ ಪದ ಈಗ ಎಲ್ಲ ಬಗೆಯ ರೆಕಾರ್ಡಿಂಗಿಗೂ ಸಲ್ಲುತ್ತದೆ. ಕ್ಯಾಸೆಟ್ಟಿಗೆ 'ಧ್ವನಿಸುರುಳಿ' ಬಂತು, ಸಿ.ಡಿ.ಗೆ 'ಧ್ವನಿಸಾಂದ್ರಿಕೆ' ಬಂತು. ಕಪ್ಪು ತಟ್ಟೆಗೆ ಮಾತ್ರ ಅದರದ್ದೇ ಆದ ಒಂದು ಬರಹದ ಹೆಸರು ನಿಲ್ಲಲಿಲ್ಲ. ಆಡುಮಾತಿನಲ್ಲಿ 'ಪ್ಲೇಟು', 'ರಿಕಾರ್ಡು', 'ತಟ್ಟೆ' ಮೂರನ್ನೂ ಕೇಳಿದ್ದೇನೆ. ನಾನು ಕೈಪಿಡಿಯಲ್ಲಿ 'ತಟ್ಟೆ' ಎಂದೇ ಬರೆಯುತ್ತಿದ್ದೇನೆ. ಅದು ಎಲ್ಲರಿಗೂ ಗೊತ್ತು, ಬಾಯಿಗೂ ಹಗುರ.

ಆದರೆ ತಟ್ಟೆಗಳಲ್ಲೇ ಎರಡು ಜಾತಿ. ಅವನ್ನು ಬೇರೆ ಮಾಡಿ ಹೇಳಲೇಬೇಕು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ, ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಎಲ್‌ಪಿಯನ್ನು (ಲಾಂಗ್ ಪ್ಲೇ ತಟ್ಟೆಯನ್ನು) ತಂದಿತು. ಅದಕ್ಕೂ ಮುಂಚಿನ 78 ಸುತ್ತಿನ ತಟ್ಟೆಗಳು ಹೆಚ್ಚಾಗಿ ಅರಗಿನವು. ಅರಗಿಗೆ ಕಲ್ಲಿನ ಪುಡಿ ಮತ್ತು ಮಸಿ ಬೆರೆಸಿ ಬಿಸಿಯಲ್ಲಿ ಒತ್ತುತ್ತಿದ್ದರು. ಈಗ ಇವೆರಡನ್ನೂ ಸೇರಿಸಿ 'ವಿನೈಲ್' ಅನ್ನುವ ರೂಢಿ ಬಂದಿದೆ. ಇದರಿಂದ ತಟ್ಟೆಗಳೇ ಹಾಳಾಗುತ್ತಿವೆ. ವಿನೈಲನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಲ್ಲಿ ಒರೆಸಬಹುದು ಎಂದು ಎಲ್ಲೋ ಓದುತ್ತಾರೆ. ಅದನ್ನೇ 78ರ ತಟ್ಟೆಗೂ ಹಚ್ಚುತ್ತಾರೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಮರಕ್ಕೆ ಪಾಲಿಶ್ ಹಾಕುವವರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಬಳಿಯುವುದು, ಅಲ್ವಾ? ಹಾಗಾಗಿ ನಾನು 'ಅರಗಿನ ತಟ್ಟೆ' ಎಂದು ಬಳಸುತ್ತಿದ್ದೇನೆ. ಪಾಂಡವರ ಅರಗಿನ ಮನೆಯ ಕತೆ ಕೇಳಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. 'ಅರಗು' ಎಂದು ಓದಿದವರು ಸ್ಪಿರಿಟ್ ಬಾಟಲಿಗೆ ಕೈ ಹಾಕುವ ಮುಂಚೆ ಒಂದು ಸಲ ಯೋಚಿಸುತ್ತಾರೆ ಎಂಬುದು ನನ್ನ ನಂಬಿಕೆ. ಹಳಬರು ಹೀಗೆ ವಸ್ತುವಿನ ಹೆಸರು ಹಿಡಿದು ಏನಾದರೂ ಕರೆಯುತ್ತಿದ್ದರೇ? ಸುಮ್ನೆ 'ದಪ್ಪ ಪ್ಲೇಟು', 'ಭಾರದ ಪ್ಲೇಟು' ಅನ್ನುತ್ತಿದ್ದರೇ?

ಇನ್ನು ನನ್ನ ದೊಡ್ಡ ತೊಡಕು ಗ್ರೂವ್. ತಟ್ಟೆಯ ಒಂದೊಂದು ಕಡೆಗೂ ಅಂಚಿನಿಂದ ಒಳಗೆ ಸುತ್ತಿಕೊಂಡು ಹೋಗುವ ಒಂದೇ ಒಂದು ಉದ್ದನೆಯ ತೋಡು ಇರುತ್ತದೆ. ಅದಕ್ಕೆ 'ಗೆರೆ' ಎಂದರೆ ಹಲವು ಗೆರೆಗಳಿವೆ ಎಂದು ಅನ್ನಿಸುತ್ತದೆ. 'ಗೀರು' ಎಂದು ಬರೆದವರಿದ್ದಾರೆ. ಇದಂತೂ ಪೂರ್ತಿ ಗೊಂದಲ, ಏಕೆಂದರೆ ತಟ್ಟೆಯ ಮೇಲೆ ಆದ ಗಾಯಕ್ಕೂ ನಾವು ಗೀರು ಎಂದೇ ಹೇಳುತ್ತೇವೆ. ಕೆಲಸ ಮಾಡುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಗೀರು ಬಿದ್ದ ತಟ್ಟೆಯಲ್ಲಿ ಸುತ್ತಿಗೊಮ್ಮೆ ಸದ್ದು ಬರುತ್ತದೆ. ಎಲ್‌ಪಿಯಲ್ಲಿ ಸರಿಯಾಗಿ 1.8 ಸೆಕೆಂಡಿಗೊಮ್ಮೆ, 78ರ ತಟ್ಟೆಯಲ್ಲಿ ಸುಮಾರು 0.77 ಸೆಕೆಂಡಿಗೊಮ್ಮೆ. ತಾಳ ಹಾಕಿದ ಹಾಗೆ ಬಂದರೆ ಅದು ಗೀರು. ಹೇಗೆಂದರೆ ಹಾಗೆ ಬಂದರೆ ದೂಳು, ಬೂಷ್ಟು. ಇಷ್ಟು ಗೊತ್ತಾದರೆ ತೊಳೆದರೆ ಹೋಗುವುದು ಯಾವುದು, ಕಂಪ್ಯೂಟರಿನಲ್ಲಿ ತೆಗೆಯಬೇಕಾದ್ದು ಯಾವುದು ಎಂದು ತಿಳಿಯುತ್ತದೆ. ಆದ್ದರಿಂದ 'ಗೀರು' ಗಾಯಕ್ಕೇ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗ್ರೂವ್‌ಗೆ ನನ್ನ ಮನಸ್ಸು 'ಜಾಡು' ಎಂಬುದರ ಕಡೆ ವಾಲುತ್ತಿದೆ. ಮುಳ್ಳು ಜಾಡು ಹಿಡಿಯುತ್ತದೆ, ಜಾಡು ತಪ್ಪುತ್ತದೆ, ಪಕ್ಕದ ಜಾಡಿಗೆ ಹಾರುತ್ತದೆ. ಬೇಕಾದ ಕ್ರಿಯಾಪದಗಳೆಲ್ಲ ತಾವಾಗಿ ಜೊತೆಗೆ ಬರುತ್ತವೆ. 'ಕಾಲುವೆ' ಕೂಡ ಯೋಚಿಸಿದೆ. ಆದರೆ ಕಾಲುವೆ ತಪ್ಪಿತು ಎಂದು ಯಾರೂ ಹೇಳುವುದಿಲ್ಲ. 'ಸಾಲು' ಎಂದರೆ ನೇಗಿಲ ಸಾಲಿನ ನೆನಪು ಬಂದು ಚೆನ್ನಾಗಿಯೇ ಇದೆ, ಆದರೆ ಹಾಡಿನ ಸಾಲು ಎಂಬ ಅರ್ಥ ಪಕ್ಕದಲ್ಲೇ ಕೂತಿದೆ. ನಿಮ್ಮ ಹಿರಿಯರು ಇದಕ್ಕೆ ಒಂದು ಹೆಸರು ಹೇಳುತ್ತಿದ್ದರೆ ನನ್ನ ಜಾಡನ್ನು ಸಂತೋಷವಾಗಿ ಬಿಟ್ಟುಕೊಡುತ್ತೇನೆ.

ಮುಳ್ಳಿನ ವಿಷಯದಲ್ಲಿ ಇಷ್ಟು ಕಷ್ಟವಿಲ್ಲ. 'ಮುಳ್ಳು', 'ಪಿನ್ನು' ಎರಡೂ ನಡೆಯುತ್ತವೆ. ಉಕ್ಕಿನ ಮುಳ್ಳಿನ ಕಾಲದಲ್ಲಿ ಒಂದು ಕಡೆ ಹಾಡಿ ಮುಗಿದ ಮೇಲೆ ಮುಳ್ಳು ಬದಲಾಯಿಸಬೇಕಿತ್ತು. ಈಗಿನದು ವಜ್ರದ ತುದಿ, ಬಹಳ ದಿನ ಬರುತ್ತದೆ. ಬೇರೆ ಬೇರೆ ತಟ್ಟೆಗೆ ಬೇರೆ ಬೇರೆ ಅಳತೆ ಬೇಕು ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಅರಗಿನ ತಟ್ಟೆಯ ಜಾಡು ಅಗಲ. ಅದಕ್ಕೆ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್ ಇರಬೇಕು. ಎಲ್‌ಪಿಗೆ 25 ಅಥವಾ ಅದಕ್ಕೂ ಕಡಿಮೆ. ಎಲ್‌ಪಿಯ ಸಣ್ಣ ಮುಳ್ಳನ್ನು ಅರಗಿನ ತಟ್ಟೆಗೆ ಇಟ್ಟರೆ ಅದು ಜಾಡಿನ ತಳಕ್ಕೆ ಇಳಿದು, ಅಲ್ಲಿರುವ ಕೊಳೆಯನ್ನೆಲ್ಲ ಓದುತ್ತದೆ. ಹಾಡು ಇರುವುದು ಗೋಡೆಯಲ್ಲಿ.

ಈಗ ಸದ್ದುಗಳಿಗೆ ಬರುತ್ತೇನೆ. ನಿಮ್ಮೆಲ್ಲರ ನೆರವು ಹೆಚ್ಚು ಬೇಕಾಗಿರುವುದು ಇಲ್ಲಿ. ಆಡಾಸಿಟಿಯಂಥ ತಂತ್ರಾಂಶದಲ್ಲಿ 'ಕ್ಲಿಕ್ ರಿಮೂವಲ್', 'ನಾಯ್ಸ್ ರಿಡಕ್ಷನ್' ಎಂದು ಬೇರೆ ಬೇರೆ ಆಯ್ಕೆಗಳಿರುತ್ತವೆ. ಯಾವ ಸದ್ದಿಗೆ ಯಾವ ಮದ್ದು ಎಂದು ಗೊತ್ತಿಲ್ಲದೆ ಒತ್ತಿದರೆ ಹಾಡೇ ಹೋಗುತ್ತದೆ. 'ನಾಯ್ಸ್ ರಿಡಕ್ಷನ್' ಎಂಬುದನ್ನು 'ಶಬ್ದ ಕಡಿತ' ಎಂದು ಅನುವಾದಿಸಿದ್ದನ್ನು ಕಂಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಶಬ್ದ ಎಂದರೆ ದನಿಯೂ ಹೌದು, ಪದವೂ ಹೌದು. ಓದುವವರು ವಾಲ್ಯೂಮ್ ಕಡಿಮೆ ಮಾಡುವುದು ಎಂದು ತಿಳಿದುಕೊಳ್ಳುತ್ತಾರೆ. ಕನ್ನಡದಲ್ಲಿ 'ದನಿ', 'ನಾದ', 'ಸದ್ದು', 'ಗದ್ದಲ' ಎಂದು ಬೇರೆ ಬೇರೆ ಪದಗಳಿರುವಾಗ ಸದ್ದನ್ನು ಸದ್ದು ಎಂದೇ ಕರೆಯೋಣ.

ಒಳಗಿನ ಬಗೆಗಳಿಗಂತೂ ನಮ್ಮ ಅನುಕರಣ ಪದಗಳೇ ಸಾಕು ಎನ್ನಿಸಿದೆ. ಗೀರಿನ ಮೇಲೆ ಮುಳ್ಳು ಹಾದಾಗ ಬರುವುದು 'ಟಿಕ್'. ಆಳವಾದ ಗಾಯವಾದರೆ 'ಟಪ್'. ದೂಳು ಕೂತ ತಟ್ಟೆ 'ಚಟಪಟ' ಎನ್ನುತ್ತದೆ. ಅರಗಿನ ತಟ್ಟೆಯ ಒಡಲಿನ ಸದ್ದು 'ಕರಕರ', ಕಲ್ಲಿನ ಪುಡಿ ಸೇರಿರುವುದರಿಂದ ತಟ್ಟೆ ಹೊಸದಾಗಿದ್ದರೂ ಅದು ಇದ್ದೇ ಇರುತ್ತದೆ. ಟೇಪಿನಿಂದ ಬಂದದ್ದು 'ಬುಸ್'. ಅರ್ತಿಂಗ್ ಸರಿಯಿಲ್ಲದಾಗ ಕರೆಂಟಿನಿಂದ ಬರುವ 50 ಹರ್ಟ್ಸ್‌ನ ಸದ್ದು 'ಗುಂಯ್'. ಮೋಟಾರಿನ ಅದುರು ಮುಳ್ಳಿಗೆ ಏರಿ ಬಂದರೆ 'ಗುಡುಗುಡು'. ಇವನ್ನು ಓದಿದ ಕೂಡಲೇ ಕಿವಿಗೆ ಕೇಳುತ್ತದೆ. ವಿವರಣೆಯೇ ಬೇಡ.

ಇಲ್ಲೊಂದು ವ್ಯಾಕರಣದ ಪ್ರಶ್ನೆ. ಬುಸುಗುಡು, ಪಿಸುಗುಡು, ಗಿಜಿಗುಡು ಎಂದು ಕ್ರಿಯಾಪದಗಳು ಸಲೀಸಾಗಿ ಆಗುತ್ತವೆ. ಹೆಸರುಪದ ಮಾಡಲು ಹೋದರೆ 'ಬುಸುಗುಡುವಿಕೆ' ಎಂದು ಭಾರವಾಗುತ್ತದೆ. ನಾನು ಅನುಕರಣ ಪದವನ್ನೇ ಹೆಸರಾಗಿಟ್ಟು, 'ಚಟಪಟ ತೆಗೆಯುವುದು', 'ಗುಂಯ್ ತೆಗೆಯುವುದು', 'ಕರಕರ ತಗ್ಗಿಸುವುದು' ಎಂದು ಬರೆಯುತ್ತಿದ್ದೇನೆ. 'ಅವರ ಪಿಟಿಪಿಟಿ ನಿಲ್ಲಲ್ಲ' ಎಂದು ಮಾತಿನಲ್ಲಿ ಹೇಳುತ್ತೇವಲ್ಲ, ಹಾಗೆ. ಬರಹದಲ್ಲಿ ಇದು ನಿಮಗೆ ಒಪ್ಪಿಗೆಯೇ? ವ್ಯಾಕರಣ ಬಲ್ಲವರು ದಯವಿಟ್ಟು ಹೇಳಿ. ಅಂದಹಾಗೆ, 'ಕರಕರ' ಮತ್ತು 'ಗರಗರ' ಎರಡರಲ್ಲಿ ತಟ್ಟೆಯ ಸದ್ದಿಗೆ ನಿಮ್ಮ ಕಡೆ ಯಾವುದು ಹೇಳುತ್ತಾರೆ?

ಮುಂದಿನದು ಇಡೀ ಕೆಲಸದ ಹೆಸರು. ತಟ್ಟೆಯಿಂದ ಕಂಪ್ಯೂಟರಿಗೆ ತರುವುದಕ್ಕೆ 'ಡಿಜಿಟಲೀಕರಣ' ಎಂದು ಸರಕಾರಿ ಕಾಗದದಲ್ಲಿ ಬರೆಯಬಹುದು. ಮನೆಯಲ್ಲಿ ಹಾಗೆ ಯಾರು ಹೇಳುತ್ತಾರೆ? ಕ್ಯಾಸೆಟ್ಟಿನ ಕಾಲದಲ್ಲಿ 'ಹಾಡು ತುಂಬಿಸಿಕೊಂಡು ಬಾ' ಎನ್ನುತ್ತಿದ್ದೆವು. ಮೊಬೈಲಿಗೂ ಅದೇ ಮಾತು ಬಂತು. ಆದರೆ ತುಂಬಿಸುವುದು ಎಂದಾಗ ಗಮನ ಖಾಲಿ ಕ್ಯಾಸೆಟ್ಟಿನ ಕಡೆಗಿರುತ್ತದೆ. 'ಇಳಿಸುವುದು' ಎಂದಾಗ ಗಮನ ಮೂಲದ ಕಡೆಗಿರುತ್ತದೆ. ಅದಕ್ಕೇ ನಾನು ಇಳಿಸುವುದು ಎಂಬುದನ್ನು ಹಿಡಿದಿದ್ದೇನೆ. ಹೀಗೆ ಇಳಿಸಿದ, ಕೈ ಹಚ್ಚದ ಪ್ರತಿಯನ್ನು 24 ಬಿಟ್, 96 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಹಾಗೇ ಉಳಿಸಿಡಬೇಕು. ಅದು 'ಮೂಲಪ್ರತಿ'. ಸದ್ದು ತೆಗೆದದ್ದು 'ತಿದ್ದಿದ ಪ್ರತಿ'. ಓಲೆಗರಿ ಸಂಪಾದನೆ ಮಾಡುವವರು ಮೂಲ ಪಾಠವನ್ನು ಅಳಿಸುವುದಿಲ್ಲ. ಇಲ್ಲಿಯೂ ಆ ಶಿಸ್ತು ಬೇಕು, ಪದಗಳೂ ಅಲ್ಲಿಂದಲೇ ಬಂದರೆ ಒಳ್ಳೆಯದು.

ಸದ್ದು ತೆಗೆಯುವ ಕೆಲಸಕ್ಕೆ 'ಪುನಶ್ಚೇತನ', 'ಜೀರ್ಣೋದ್ಧಾರ' ಎಂದೆಲ್ಲ ಸಲಹೆ ಬಂದಿದೆ. ನನಗೆ ಹಿಡಿಸಿರುವುದು 'ಹಸನು ಮಾಡುವುದು'. ಅಕ್ಕಿ, ಕಾಳು ಹಸನು ಮಾಡುವಾಗ ಮೂರು ಬೇರೆ ಕೆಲಸಗಳಿವೆ. ಕಲ್ಲನ್ನು ಒಂದೊಂದಾಗಿ ನೋಡಿ 'ಆರಿಸುತ್ತೇವೆ', ಹೊಟ್ಟನ್ನು ಮೊರದಲ್ಲಿ 'ಕೇರುತ್ತೇವೆ', ನುಚ್ಚನ್ನು 'ಜರಡಿ ಹಿಡಿಯುತ್ತೇವೆ'. ಇಲ್ಲೂ ಅಷ್ಟೇ. ಅಲೆಯ ಚಿತ್ರ ನೋಡಿಕೊಂಡು ಒಂದೊಂದೇ ಟಪ್ ತೆಗೆಯುವುದು ಆರಿಸುವುದು. ತಂತ್ರಾಂಶಕ್ಕೆ ಬಿಟ್ಟು ಇಡೀ ಹಾಡಿನ ಚಟಪಟ ತೆಗೆಸುವುದು ಕೇರುವುದು. ಇಷ್ಟು ಹರ್ಟ್ಸ್ ಎಂದು ಗೊತ್ತುಮಾಡಿ ಅದರ ಕೆಳಗಿನ ಗುಡುಗುಡುವನ್ನು ಪೂರಾ ತಡೆಯುವುದು ಜರಡಿ. ಕೇರುವಾಗ ಕೈ ಜೋರಾದರೆ ಕಾಳೂ ಹಾರಿಹೋಗುತ್ತದೆ ಎಂಬ ಎಚ್ಚರವೂ ಆ ಪದದಲ್ಲೇ ಇದೆ. ತಂಬೂರಿಯ ನಾದ ಒಂದೇ ಸಮನೆ ಇರುತ್ತದೆ. ಏನನ್ನು ತೆಗೆಯಬೇಕು ಎಂದು ತಂತ್ರಾಂಶಕ್ಕೆ ಸದ್ದಿನ ಮಾದರಿ ಕೊಡುವಾಗ ಅದೂ ಸೇರಿಕೊಂಡರೆ ತಂತ್ರಾಂಶಕ್ಕೆ ಅದು ಸದ್ದೇ. ಜೀವಾಳದ (ತಂಬೂರಿಯ ತಂತಿಯ ಅಡಿಗಿಡುವ ಎಳೆಯ) ಝೇಂಕಾರವೆಲ್ಲ ಹೋಗಿ ಹಾಡು ಬರಿದಾಗಿ ನಿಲ್ಲುತ್ತದೆ. ಮಾದರಿಯನ್ನು ಹಾಡು ಶುರುವಾಗುವ ಮುಂಚಿನ ಖಾಲಿ ಜಾಡಿನಿಂದಲೇ ತೆಗೆಯಬೇಕು.

ಯಾವುದು ಕಾಳು ಎಂಬುದೂ ಯೋಚಿಸಬೇಕಾದ ಮಾತೇ. ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ತಮ್ಮ ತಟ್ಟೆಗಳ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡು ಎಂದು ಅಲ್ಲಿನವರಿಗೆ ಗೊತ್ತಾಗಲಿ ಎಂದು. ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆ ಗಾಯಕಿಯ ಮಾತಿನ ದನಿ ನಮಗೆ ಉಳಿದಿರುವುದು ಆ ಕೊನೆಯ ಸೆಕೆಂಡುಗಳಲ್ಲಿ. ಹಾಡು ಮುಗಿಯಿತು ಎಂದು ಅದನ್ನು ಕತ್ತರಿಸಿದ ಪ್ರತಿಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಶ್ರುತಿಯ ಬಗ್ಗೆಯೂ ಕೇಳಬೇಕು. 78 ಎಂದು ಕರೆದರೂ ಶುರುವಿನ ಕಾಲದ ತಟ್ಟೆಗಳ ವೇಗ 70ರಿಂದ 80ರ ಆಚೆಗೂ ಇತ್ತು. ವೇಗ ಶೇಕಡಾ 6ರಷ್ಟು ಹೆಚ್ಚಿದರೆ ಶ್ರುತಿ ಅರ್ಧ ಮನೆ ಏರುತ್ತದೆ. ಇದನ್ನು ಕಿವಿಯಲ್ಲಿ ಸರಿಮಾಡಲು ಹೋಗುವವರು ಗಾಯಕರ ಕತೆ ತಿಳಿದಿರಬೇಕು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ತಟ್ಟೆಗಳಲ್ಲಿ ದನಿ ತೆಳು, ಎತ್ತರ. ಗಂಟಲಿನ ಚಿಕಿತ್ಸೆಯ ನಂತರವೇ ನಾವೆಲ್ಲ ಬಲ್ಲ ಆ ಗಡಸು ದನಿ ಬಂದದ್ದು. ಇದು ಗೊತ್ತಿಲ್ಲದವರು ತಟ್ಟೆ ವೇಗವಾಗಿ ಓಡುತ್ತಿದೆ ಎಂದು ತಿಳಿದು ಅದನ್ನು ನಿಧಾನ ಮಾಡಿಬಿಡಬಹುದು. ವೇಗ ತಪ್ಪಿ ಶ್ರುತಿ ಕೆಡುವುದಕ್ಕೆ ಸಂಗೀತಗಾರರಲ್ಲಿ ಬೇರೆ ಮಾತಿದೆಯೇ? ನಡುವಿನ ತೂತು ಓರೆಯಾಗಿ ಸುತ್ತಿಗೊಮ್ಮೆ ಶ್ರುತಿ ಹೋಗಿ ಬರುವುದಕ್ಕೆ 'ಓಲಾಟ' ಎಂದೂ, ಮೋಟಾರಿನಿಂದ ಬೇಗ ಬೇಗ ಅಲುಗುವುದಕ್ಕೆ 'ನಡುಕ' ಎಂದೂ ಬರೆದಿದ್ದೇನೆ. ಧಾರವಾಡ, ಹುಬ್ಬಳ್ಳಿ ಕಡೆಯವರು, ಮೈಸೂರು ಕಡೆಯವರು ಇಬ್ಬರೂ ಹೇಳಬೇಕು.

ಕೊನೆಗೆ ಕೆಲವು ಬಿಡಿ ಪ್ರಶ್ನೆಗಳು. ತಟ್ಟೆಯ ಇನ್ನೊಂದು ಕಡೆ ಹಾಕುವುದಕ್ಕೆ 'ಮಗುಚಿ ಹಾಕು' ಎನ್ನುತ್ತಿದ್ದರೇ, 'ತಿರುಗಿಸಿ ಹಾಕು' ಎನ್ನುತ್ತಿದ್ದರೇ? ಬಿಸಿಲಿಗೆ ಬಾಗಿದ ತಟ್ಟೆ 'ಸೊಟ್ಟ'ವೋ, 'ಡೊಂಕೋ', 'ಎದ್ದಿದೆ'ಯೋ? ಮಾತು ಬದಲಾಯಿಸಿದವರನ್ನು 'ಪ್ಲೇಟ್ ಚೇಂಜ್ ಮಾಡ್ದ' ಎನ್ನುತ್ತೇವೆ. ಆ ಪ್ಲೇಟು ಗ್ರಾಮಫೋನಿನದೇ ಎಂದು ನನ್ನ ಊಹೆ. 1970ಕ್ಕೂ ಮುಂಚಿನ ಬರಹದಲ್ಲಿ ಈ ಮಾತು ಕಂಡಿದ್ದವರು ಆ ಸಾಲನ್ನು ಇಲ್ಲಿ ಹಾಕಿ. ಮುಳ್ಳು ಒಂದೇ ಕಡೆ ಸಿಕ್ಕಿಕೊಂಡು ಹಾಡಿದ್ದೇ ಹಾಡುವುದಕ್ಕೆ 'ಕಿಸಬಾಯಿ ದಾಸ'ನ ಗಾದೆಯ ಹೊರತು ಬೇರೆ ಹೆಸರು ಇತ್ತೇ?

ಉತ್ತರ ಬರೆಯುವಾಗ ಬರೀ ಪದ ಬೇಡ. ಹಿರಿಯರು ಆಡಿದ ಪೂರ್ತಿ ವಾಕ್ಯ, ಊರು, ಸುಮಾರು ಯಾವ ಕಾಲ ಎಂದೂ ಸೇರಿಸಿ. ಮನೆಯಲ್ಲಿ ಗ್ರಾಮಫೋನ್ ನಡೆಸಿದವರು ಇದ್ದರೆ ಅವರನ್ನು ಈ ವಾರವೇ ಒಂದು ಸಲ ಕೇಳಿ ನೋಡಿ.

ವಂದನೆಗಳು.