ಗಣತಿಯಲ್ಲಿ ವಯಸ್ಸು 4, 13, 23, 34: ಒಬ್ಬನೇನಾ, ಇಬ್ಬರಾ?

ಮಾರಿಕುಪ್ಪಂ:
ಕೆಜಿಎಫ್‌ಗೆ ಬಂದ ಕಾರ್ನ್‌ವಾಲ್ ಗಣಿಗಾರನೊಬ್ಬನ ವಂಶಾವಳಿ ಹುಡುಕುತ್ತಿದ್ದೇನೆ. ಇಂಗ್ಲೆಂಡಿನ ಗಣತಿಯಲ್ಲಿ ಹೆಸರು, ಹುಟ್ಟೂರು ಒಂದೇ. ವಯಸ್ಸು ಮಾತ್ರ 1861ರಲ್ಲಿ 4, 1871ರಲ್ಲಿ 13, 1881ರಲ್ಲಿ 23, 1891ರಲ್ಲಿ 34. ಕಳೆದರೆ ಹುಟ್ಟಿದ್ದು ಒಮ್ಮೆ 1857, ಒಮ್ಮೆ 1858. ಇಬ್ಬರು ಬೆರೆತಿದ್ದಾರಾ? 1901ರಲ್ಲಂತೂ ಆಸಾಮಿ ಸಿಗುತ್ತಲೇ ಇಲ್ಲ.

ಲೆಕ್ಕಿಗ:
ಬರೀ ಇಸವಿ ಕಳೆದರೆ ಹೀಗೇ ಆಗೋದು. ಬರೆಸುತ್ತಿದ್ದದ್ದು ಗಣತಿ ರಾತ್ರಿಗೆ ತುಂಬಿದ ವಯಸ್ಸು. ಆ ತಾರೀಖು ಪ್ರತಿಸಲ ಬೇರೆ: 1861 ಏಪ್ರಿಲ್ 7, 1871 ಏಪ್ರಿಲ್ 2, 1881 ಏಪ್ರಿಲ್ 3, 1891 ಏಪ್ರಿಲ್ 5. ಒಂದೊಂದಕ್ಕೂ ಹುಟ್ಟಿರಬಹುದಾದ ಅವಧಿ ಬರೆದುಕೊಳ್ಳಿ:

1861: 8-4-1856ರಿಂದ 7-4-1857
1871: 3-4-1857ರಿಂದ 2-4-1858
1881: 4-4-1857ರಿಂದ 3-4-1858
1891: 6-4-1856ರಿಂದ 5-4-1857

ನಾಲ್ಕಕ್ಕೂ ಹೊಂದುವುದು ಎರಡೇ ದಿನ, 1857ರ ಏಪ್ರಿಲ್ 4 ಮತ್ತು 5. ಒಬ್ಬನೇ ಇರಬಹುದು. ಹಾಗಿದ್ದರೆ 1911ರ ಏಪ್ರಿಲ್ 2ಕ್ಕೆ 53 ಇರಬೇಕು, 54 ಅಲ್ಲ.

ಹಳೇಕಡತ:
ಲೆಕ್ಕ ಸರಿ, ಆದರೆ ಅದನ್ನೇ ಜನ್ಮದಿನ ಅಂತ ಬರೆದುಬಿಡಬೇಡಿ. ಆಗ ವಯಸ್ಸು ಅಂದಾಜಿಗೆ ಹೇಳುವವರೇ ಜಾಸ್ತಿ. ಮೊದಲು ಮೂಲ ಪುಟದ ಚಿತ್ರ ತೆಗೆದು ನೋಡಿ. ಗುಮಾಸ್ತರು ಎಣಿಸುವಾಗ ವಯಸ್ಸಿನ ಮೇಲೇ ಗೀಟು ಎಳೆದಿರುತ್ತಾರೆ, ನಕಲು ಮಾಡಿದವರಿಗೆ 3 ಹೋಗಿ 8 ಆಗಿರುತ್ತದೆ. ಆಮೇಲೆ ಜನನ ನೋಂದಣಿ ಸೂಚಿಯಲ್ಲಿ 1857ರ ಜೂನ್ ತ್ರೈಮಾಸಿಕ (ಏಪ್ರಿಲ್‌ನಿಂದ ಜೂನ್) ಹುಡುಕಿ. ನೋಂದಣಿಗೆ 42 ದಿನ ಗಡುವಿತ್ತು, ಹಾಗಾಗಿ ಏಪ್ರಿಲ್ ಮಗು ಅದರಲ್ಲೇ ಬರಬೇಕು. ಸರ್ಕಾರಿ ಸೂಚಿಯಲ್ಲಿ ತಾಯಿಯ ತವರು ಹೆಸರೂ ಇರುತ್ತದೆ, ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಅದೇ ಆಧಾರ. ಅಲ್ಲಿಲ್ಲದಿದ್ದರೆ ಚರ್ಚಿನ ದೀಕ್ಷಾಸ್ನಾನದ ದಾಖಲೆ. ಅವನ ಅಪ್ಪನಿಗಾಗಿ 1841ಕ್ಕೆ ಹೋದರೆ ಜೋಕೆ: 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಲು ಸೂಚನೆ ಇತ್ತು, 39 ಇದ್ದವನೂ 35.

ಲೆಕ್ಕಿಗ:
1901ರ ಬಗ್ಗೆ: ಗಣತಿಯ ದಿನ ಮಾರ್ಚ್ 31ರ ರಾತ್ರಿ ಅವನು ಕೋಲಾರದಲ್ಲಿದ್ದರೆ ಇಂಗ್ಲೆಂಡಿನ ಪುಸ್ತಕದಲ್ಲಿ ಹೇಗೆ ಬರುತ್ತಾನೆ? ಅಲ್ಲಿ ಹೆಂಡತಿ ಹೆಸರಲ್ಲಿ ಹುಡುಕಿ, ಮಕ್ಕಳ ಹುಟ್ಟೂರಿನ ಕಾಲಂನಲ್ಲಿ ‘ಇಂಡಿಯಾ’ ಇದೆಯಾ ನೋಡಿ. ನಮ್ಮ ಕಡೆಯ ಖಾನೇಸುಮಾರಿಯಲ್ಲಿ (ಜನಗಣತಿ) ಹುಡುಕಿ ಫಲವಿಲ್ಲ, ಉಳಿದಿರೋದು ಒಟ್ಟು ಲೆಕ್ಕದ ಕೋಷ್ಟಕ, ಮನೆವಾರು ಹೆಸರಲ್ಲ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್ ಸರಣಿ (ಕಡತದ ಗುರುತು ಎನ್/2) ತೆಗೆಸಿ. ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರೂ ಅದರಲ್ಲಿವೆ.